ಕಣಗಿಲೆ ಬೇಲಿ

ಜನವರಿ ೯

ಅಮ್ಮನವರಿಗೆ ನಮಸ್ಕಾರ.

ನಾನೂ ನನ್ನ ಎರಡು ಕುದುರೆಗಳೂ ನಿಮ್ಮ ಮನೆಗೆ ಒಗ್ಗಿಕೊಂಡೆವು. ಅಡುಗೆಮನೆಯ ಕಿಟಕಿ ಮಾತ್ರ ಇನ್ನೂ ನನ್ನ ಮೇಲೆ ಮುನಿಸಿಕೊಂಡಿದೆ, ಗುದ್ದಿದರಷ್ಟೇ ತೆರೆಯುತ್ತದೆ. ಹಿತ್ತಿಲ ಶೆಡ್ಡಿಗೆ ಸುಣ್ಣ ಹೊಡೆಸಿ, ನೆಲಕ್ಕೆ ಮರದ ಹೊಟ್ಟು ಹರಡಿ, ನಡುವೆ ಹಲಗೆ ಕಟ್ಟಿ ಲಾಯ ಮಾಡಿಕೊಂಡಿದ್ದೇನೆ. ಹೆಣ್ಣು ಕುದುರೆಯ ಮೈಬಣ್ಣ ಗೋಧಿಯದು, ಹೆಸರೂ ಗೋಧಿ. ಈಗ ಗಬ್ಬ. ಏಪ್ರಿಲ್ ಹೊತ್ತಿಗೆ ಈಯಬಹುದು. ಇನ್ನೊಬ್ಬ ಮುದುಕ, ಎಲ್ಲರೂ ಅವನನ್ನು ತಾತ ಎನ್ನುತ್ತಾರೆ. ಮಧ್ಯಾಹ್ನ ಅವನನ್ನು ಶಾಲೆಯ ಮೈದಾನಕ್ಕೆ ಕರೆದುಕೊಂಡು ಹೋಗಿ ಮಕ್ಕಳಿಗೆ ಸವಾರಿ ಹೇಳಿಕೊಡುತ್ತೇನೆ. ಅವಸರ ಎಂದರೇನೆಂದು ತಾತನಿಗೆ ಗೊತ್ತಿಲ್ಲ, ಹಾಗಾಗಿ ಹೆದರುವ ಮಕ್ಕಳೆಲ್ಲ ಅವನ ಬೆನ್ನೇ ಕೇಳುತ್ತವೆ.

ಒಂದು ವಿಷಯ ಕೇಳಬೇಕಿತ್ತು. ನಿಮ್ಮ ತೋಟದಲ್ಲಿ ಕುದುರೆಗೆ ಆಗದ ಗಿಡಗಳು ಮೂರು ಇವೆ. ಬಾವಿಯ ಪಕ್ಕದ ಲಂಟಾನ, ಮೂಲೆಯಲ್ಲಿ ತಾನೇ ಹುಟ್ಟಿಕೊಂಡ ಹರಳು, ಮತ್ತು ಲಾಯದ ಬೆನ್ನಿಗೇ ಇರುವ ಕಣಗಿಲೆ ಬೇಲಿ. ಮೊದಲೆರಡನ್ನು ಹೇಗೋ ದೂರ ಇಡಬಹುದು. ಕಣಗಿಲೆಯದೇ ನನಗೆ ಭಯ. ಬೇರು ವಿಷವೆಂದು ಎಲ್ಲರಿಗೂ ಗೊತ್ತು, ಆದರೆ ಎಲೆಯೂ ಅಷ್ಟೇ ವಿಷ. ಒಂದು ಹಿಡಿ ಸಾಕು, ಕುದುರೆಯ ಹೃದಯ ದಾರಿ ತಪ್ಪುತ್ತದೆ. ಹಸಿ ಎಲೆ ಕಹಿ ಎಂದು ಬಾಯಿಟ್ಟು ಬಿಟ್ಟುಬಿಡುತ್ತವೆ. ಒಣಗಿದರೆ ಕಹಿ ಕಡಿಮೆಯಾಗುತ್ತದೆ, ವಿಷ ಕಡಿಮೆಯಾಗುವುದಿಲ್ಲ. ಸುಟ್ಟರೆ ಹೊಗೆಯೂ ಕೆಟ್ಟದ್ದು. ತಾವು ಒಪ್ಪಿದರೆ ಬೇಲಿಯನ್ನು ಬುಡಸಮೇತ ತೆಗೆಸಿ, ನನ್ನ ಖರ್ಚಿನಲ್ಲೇ ಬೇರೆ ಬೇಲಿ ಹಾಕಿಸುತ್ತೇನೆ.

ಉತ್ತರ ಬರೆಯುವಾಗ ಲಕೋಟೆಯ ಮೇಲೆ ನನ್ನ ಹೆಸರು ಬೇಡ. ಮನೆಯ ವಿಳಾಸ ಸಾಕು, ಟಪಾಲಿನವರಿಗೆ ಗೊತ್ತಾಗುತ್ತದೆ.

ಬಾಣಂತನಕ್ಕೆಂದು ಅಷ್ಟು ದೂರ ಹೋಗಿದ್ದೀರಿ, ಮಗಳು ಸುಖವಾಗಿ ಹೆರಲಿ.

ನಿಮ್ಮ ಬಾಡಿಗೆಯವಳು


ಜನವರಿ ೧೭

ಕುದುರೆ ಟೀಚರ್ ಅವರಿಗೆ,

ಕಾಗದ ತಲುಪಿತು. ಕಿಟಕಿಗೆ ಗುದ್ದಬೇಡಿ. ಕೆಳಗಿನ ಅಗುಳಿ ಎತ್ತಿ, ಮೇಲೆ ಹೆಬ್ಬೆರಳು ಒತ್ತಿ. ನಾನು ಇಡೀ ಆಯುಷ್ಯ ಮಕ್ಕಳಿಗೆ ಭೂಗೋಳ ಕಲಿಸಿದವಳು, ಕಿಟಕಿಗೂ ಒಂದು ದಿಕ್ಕು ಇರುತ್ತದೆ ಎಂದು ನಂಬಿದವಳು.

ಲಂಟಾನ ಕೀಳಿಸಿ, ಹರಳು ಕೀಳಿಸಿ, ಎರಡನ್ನೂ ಯಾರೂ ನೆಟ್ಟದ್ದಲ್ಲ. ಬೇಲಿಗೆ ಮಾತ್ರ ಕತ್ತಿ ಮುಟ್ಟಿಸಕೂಡದು. ಈ ಮನೆಗೆ ಬಂದ ವರ್ಷ ನಮ್ಮ ಯಜಮಾನರು ಒಂದೊಂದೇ ಕಡ್ಡಿ ನೆಟ್ಟು, ಶಾಲೆಯಿಂದ ಬಂದವರೇ ಬೂಟು ಸಹ ಬಿಚ್ಚದೆ ನೀರು ಹಾಕಿ ಬೆಳೆಸಿದ ಬೇಲಿ ಅದು. ಅವರು ತೀರಿಕೊಂಡ ವಾರ ಅದು ಮೈತುಂಬ ಹೂ ಬಿಟ್ಟಿತ್ತು. ಅದನ್ನು ಯಾರಾದರೂ ಕಡಿದರು ಎಂದು ನಾನು ಇಲ್ಲಿ ಕೂತು ಕೇಳಲಾರೆ.

ಬೇರು ವಿಷ ಎಂದು ನಾನೂ ಬಲ್ಲೆ. ಯಾವ ಕುದುರೆ ಗುದ್ದಲಿ ಹಿಡಿದು ಬೇರು ಅಗೆದು ತಿನ್ನುತ್ತದೆ? ಹಾಲಿನವನ ತಟ್ಟುಕುದುರೆ ಎಷ್ಟೋ ವರ್ಷ ಆ ಬೇಲಿಯ ಪಕ್ಕದಲ್ಲೇ ನಿಂತು ಹೋಗುತ್ತಿತ್ತು, ಒಂದು ದಿನವೂ ಬಾಯಿ ಹಾಕಲಿಲ್ಲ. ಪ್ರಾಣಿಗಳಿಗೆ ಬುದ್ಧಿ ಇರುತ್ತದೆ. ಕುದುರೆ ಕಂಡರೆ ಕಾಲುನೋವು ಎನ್ನುವ ಹಾಗೆ ಬೇಲಿ ಕಂಡ ಕೂಡಲೇ ಹೊಸ ಭಯ ಹುಟ್ಟಿಸಿಕೊಳ್ಳಬೇಡಿ.

ಲಕೋಟೆಯ ಮೇಲೆ ಹೆಸರು ಬರೆದಿಲ್ಲ. ಹೆಸರಿಗೇಕೆ ನಾಚಿಕೆಯೋ ತಿಳಿಯಲಿಲ್ಲ.

ಮನೆಯೊಡತಿ


ಜನವರಿ ೨೬

ಅಮ್ಮನವರಿಗೆ,

ಕಿಟಕಿ ನಿಮ್ಮ ಮಾತು ಕೇಳಿತು.

ಬೇಲಿಯನ್ನು ಮುಟ್ಟುವುದಿಲ್ಲ. ಅದು ನಿಮಗೇನೆಂದು ನನಗೆ ಗೊತ್ತಿರಲಿಲ್ಲ, ಕ್ಷಮಿಸಿ. ಬೇಲಿಗೂ ಕುದುರೆಗಳಿಗೂ ನಡುವೆ ಗೂಟ ನೆಟ್ಟು ಹಗ್ಗ ಎಳೆದಿದ್ದೇನೆ. ಕತ್ತು ಎಷ್ಟು ಚಾಚಿದರೂ ಅವಕ್ಕೆ ಎಲೆ ಸಿಗುವುದಿಲ್ಲ. ಉದುರಿದ್ದನ್ನು ಬೆಳಗ್ಗೆ ಎದ್ದ ಕೂಡಲೇ ಗುಡಿಸುತ್ತೇನೆ.

ಇನ್ನೊಂದು ಸಣ್ಣ ವಿಷಯ. ಹಿತ್ತಿಲ ಗೇಟಿನ ಬೀಗದ ಕೈ ಬೇರೆ ಯಾರ ಹತ್ತಿರವಾದರೂ ಇದೆಯೇ? ಮೊನ್ನೆ ಮೈದಾನದಿಂದ ಬಂದಾಗ ಬೇಲಿಯ ನೆತ್ತಿ ಸಮನಾಗಿ ಕತ್ತರಿಸಿದ ಹಾಗೆ ಕಂಡಿತು. ನೆಲದ ಮೇಲೆ ಒಂದು ಎಲೆಯೂ ಇರಲಿಲ್ಲ. ನನ್ನ ಕಣ್ಣೇ ಮೋಸ ಮಾಡಿತೇನೋ. ಆದರೂ ಅಂದಿನಿಂದ ಗೇಟಿಗೆ ಒಳಗಿನಿಂದ ತಂತಿ ಸುತ್ತಿ ಹೋಗುತ್ತಿದ್ದೇನೆ.

ನಿಮ್ಮ ಬಾಡಿಗೆಯವಳು


ಫೆಬ್ರವರಿ ೩

ಕುದುರೆ ಟೀಚರ್ ಅವರಿಗೆ,

ಬೀಗದ ಕೈ ನನ್ನ ಪೆಟ್ಟಿಗೆಯಲ್ಲಿದೆ, ಇನ್ನೊಂದು ನಿಮ್ಮ ಹತ್ತಿರ. ಗಾಳಿ ಬೀಸುವ ಕಾಲ, ಬೇಲಿ ಅತ್ತಿತ್ತ ವಾಲಿ ಸಮನಾಗಿ ಕಂಡಿರಬೇಕು. ಒಂಟಿಯಾಗಿರುವವರಿಗೆ ಹಗ್ಗವೂ ಹಾವಾಗುತ್ತದೆ. ನಾನೂ ಯಜಮಾನರು ಹೋದ ಹೊಸತರಲ್ಲಿ ಹಂಚಿನ ಮೇಲಿನ ಬೆಕ್ಕನ್ನು ಕಳ್ಳನೆಂದು ಕೂಗಿ ಬೀದಿಯನ್ನೆಲ್ಲ ಸೇರಿಸಿದ್ದೆ.

ಹಗ್ಗ ಎಂದಾಗ ನೆನಪಾಯಿತು. ಆ ನೀಲಿ ನೈಲಾನ್ ಹಗ್ಗವನ್ನು ಸಂಪಿಗೆ ಮರಕ್ಕೆ ಅಷ್ಟು ಬಿಗಿಯಾಗಿ ಕಟ್ಟಬಾರದು, ತೊಗಟೆ ಕೊಯ್ದುಹೋಗುತ್ತದೆ. ಗೋಣಿಚೀಲದ ತುಂಡು ಸುತ್ತಿ ಅದರ ಮೇಲೆ ಕಟ್ಟಿ.

ಮಗಳಿಗೆ ದಿನ ತುಂಬಿದೆ. ನನಗೆ ಕೈಬಿಡುವಿಲ್ಲ.

ಮನೆಯೊಡತಿ


ಫೆಬ್ರವರಿ ೧೨

ಅಮ್ಮನವರಿಗೆ,

ನಿಮ್ಮ ಕಾಗದವನ್ನು ಮತ್ತೆ ಮತ್ತೆ ಓದಿದೆ. ಹಗ್ಗ ನೀಲಿ ಎಂದು ನಾನು ನಿಮಗೆ ಬರೆದಿರಲಿಲ್ಲ. ಸಂಪಿಗೆ ಮರಕ್ಕೆ ಕಟ್ಟಿದ್ದೇನೆ ಎಂದೂ ಬರೆದಿರಲಿಲ್ಲ.

ಯಾರೋ ನಿಮಗೆ ಹೇಳಿದ್ದಾರೆ. ದಯವಿಟ್ಟು ನಿಜ ಹೇಳಿ, ನನ್ನನ್ನು ಕೇಳಿಕೊಂಡು ಯಾರಾದರೂ ನಿಮ್ಮ ಹತ್ತಿರ ಬಂದಿದ್ದರೇ? ಒಬ್ಬ ಗಂಡಸು, ಎತ್ತರದವನು, ತುಂಬ ಮರ್ಯಾದೆಯಿಂದ ಮಾತಾಡುವವನು? ಬಂದಿದ್ದರೆ ನೀವು ಏನು ಹೇಳಿದಿರಿ?

ಗೇಟಿಗೆ ತಂತಿ ಸುತ್ತಿ ಹೋಗುತ್ತಿದ್ದೆನಲ್ಲ, ಗುರುವಾರ ಬಂದು ನೋಡಿದರೆ ಯಾರೋ ಹೊರಗಿನಿಂದ ಕೈ ತೂರಿಸಿ ಅದನ್ನು ಬಿಚ್ಚಿದ್ದರು. ಕಿತ್ತೆಸೆದಿರಲಿಲ್ಲ. ಚೆಂದವಾಗಿ ಸುರುಳಿ ಸುತ್ತಿ ಗೂಟಕ್ಕೆ ನೇತುಹಾಕಿದ್ದರು. ಇಷ್ಟು ಅಚ್ಚುಕಟ್ಟಿನ ಮನುಷ್ಯನೊಬ್ಬ ನನಗೆ ಗೊತ್ತು.

ಮರುದಿನ ಪಾಠ ಬೇಗ ಮುಗಿಸಿ ಬಂದೆ. ಬೇಲಿಯ ಆಚೆ ಓಣಿಯಲ್ಲಿ ಒಂದು ನೆರಳು ಹೋಗುತ್ತಿತ್ತು. "ಯಾರದು?" ಎಂದೆ. ಉತ್ತರ ಬರಲಿಲ್ಲ. ಮತ್ತೆ ಕೂಗಿದೆ. ಓಡಲೂ ಇಲ್ಲ, ತಿರುಗಲೂ ಇಲ್ಲ. ನಾನು ಕೂಗಿದ್ದು ಲೆಕ್ಕಕ್ಕೇ ಇಲ್ಲ ಎನ್ನುವ ಹಾಗೆ ನಿಧಾನವಾಗಿ ನಡೆದುಕೊಂಡು ಹೋದರು. ಓಡಿಹೋಗಿದ್ದರೆ ನನಗೆ ಇಷ್ಟು ಭಯವಾಗುತ್ತಿರಲಿಲ್ಲ.

ಹೊಸ ಬೀಗ ಹಾಕಿಸಲು ನಿಮ್ಮ ಅನುಮತಿ ಬೇಕು. ಬೇಗ ಬರೆಯಿರಿ.

ನಿಮ್ಮ ಬಾಡಿಗೆಯವಳು


ಫೆಬ್ರವರಿ ೧೯

ಕುದುರೆ ಟೀಚರ್ ಅವರಿಗೆ,

ಮಗಳಿಗೆ ಗಂಡುಮಗು. ಹೆರಿಗೆ ಕಷ್ಟವಾಯಿತು. ಅವಳಿಗೆ ಇನ್ನೂ ಜ್ವರ ಬಿಟ್ಟಿಲ್ಲ. ಹಾಗಾಗಿ ಚುಟುಕಾಗಿ ಬರೆಯುತ್ತೇನೆ.

ನನ್ನ ಹತ್ತಿರ ಯಾವ ಗಂಡಸೂ ಬಂದಿಲ್ಲ. ನಿಮ್ಮ ಬಗ್ಗೆ ನಾನು ಯಾರಲ್ಲೂ ವಿಚಾರಿಸಿಲ್ಲ, ಯಾರೂ ನನ್ನಲ್ಲಿ ವಿಚಾರಿಸಿಲ್ಲ. ಹಗ್ಗದ ಬಣ್ಣ ನೀವೇ ಬರೆದಿರಬೇಕು, ಮರೆತಿದ್ದೀರಿ. ಹಳೆಯ ಬೀಗ ಯಜಮಾನರು ತಂದದ್ದು, ಅದನ್ನು ಬದಲಾಯಿಸುವ ಅಗತ್ಯ ನನಗೆ ಕಾಣುವುದಿಲ್ಲ. ನನ್ನ ಮನೆಯಲ್ಲಿ ನಿಮಗೆ ಯಾರಿಂದಲೂ ಕೇಡಾಗುವುದಿಲ್ಲ, ಆ ಮಾತಿಗೆ ನಾನು ಹೊಣೆ. ನೆಮ್ಮದಿಯಾಗಿ ನಿಮ್ಮ ಕೆಲಸ ನೋಡಿಕೊಳ್ಳಿ.

ಮನೆಯೊಡತಿ


ಫೆಬ್ರವರಿ ೨೮

ಅಮ್ಮನವರಿಗೆ,

ತಾತ ಸತ್ತ.

ಶುಕ್ರವಾರ ಸಂಜೆ ಮೈದಾನದಿಂದ ಬಂದು ಅವನನ್ನು ಲಾಯಕ್ಕೆ ಬಿಟ್ಟೆ. ಮೇವಿನ ತೊಟ್ಟಿಯಲ್ಲಿ ಹುಲ್ಲು ತುಂಬಿತ್ತು. ಬೆಳಗ್ಗೆ ನಾನೇ ಹಾಕಿದ್ದು ಉಳಿದಿರಬೇಕು ಎಂದುಕೊಂಡೆ. ಹಸಿದಿದ್ದ, ತಲೆ ಎತ್ತದೆ ತಿಂದ. ಶನಿವಾರ ಬೆಳಗ್ಗೆ ಬೆವರಿನಲ್ಲಿ ತೊಯ್ದು, ಗೊರಸಿನಿಂದ ನೆಲ ಕೆರೆಯುತ್ತ, ಕತ್ತು ತಿರುಗಿಸಿ ತನ್ನ ಹೊಟ್ಟೆಯನ್ನೇ ನೋಡುತ್ತಿದ್ದ. ಹೊಟ್ಟೆನೋವು ಎಂದುಕೊಂಡೆ. ಹೊಟ್ಟೆನೋವು ಬಂದ ಕುದುರೆಯನ್ನು ನಿಲ್ಲಗೊಡದೆ ನಡೆಸಬೇಕು ಎಂದು ಚಿಕ್ಕಂದಿನಿಂದ ಕಲಿತವಳು ನಾನು. ಅಂಗಳದ ಸುತ್ತ ನಡೆಸಿದೆ. ಅವನು ನಿಲ್ಲಲು ನೋಡಿದಾಗಲೆಲ್ಲ ಹಗ್ಗ ಜಗ್ಗಿದೆ. ಸಂಪಿಗೆ ಮರದ ಹತ್ತಿರ ಮುಂಗಾಲು ಮಡಚಿ ಕೂತ, ಹಾಗೇ ಪಕ್ಕಕ್ಕೆ ಒರಗಿದ. ಪಶುವೈದ್ಯರು ಬರುವಷ್ಟರಲ್ಲಿ ಕಿವಿ ತಣ್ಣಗಾಗಿತ್ತು.

ಅವರು ತೊಟ್ಟಿಯ ಹುಲ್ಲು ಸರಿಸಿ ತೋರಿಸಿದರು. ಅಡಿಯಲ್ಲಿ ಕಣಗಿಲೆ ಎಲೆ. ಹದವಾಗಿ ಒಣಗಿಸಿದ್ದು. ಗಾಳಿಗೆ ಬಂದು ಬಿದ್ದದ್ದಲ್ಲ ಅಮ್ಮ, ಸಣ್ಣಗೆ ಕತ್ತರಿಸಿ ಹಾಕಿದ್ದು. ಅವನ ಹೃದಯವನ್ನು ನಿಲ್ಲಿಸಿದ್ದು ಆ ಎಲೆ, ಅದಕ್ಕೆ ಅವಸರಪಡಿಸಿದ್ದು ನಾನು ಅವನನ್ನು ನಡೆಸಿದ್ದು.

ಗೋಧಿಯ ತೊಟ್ಟಿಯಲ್ಲೂ ಇತ್ತು. ಗಬ್ಬದ ಅರುಚಿ, ಅದು ಬೇಡ ಇದು ಬೇಡ ಎಂದು ಮೂತಿ ತಿರುಗಿಸುವವಳು, ಪುಣ್ಯಕ್ಕೆ ಸ್ವಲ್ಪವೇ ತಿಂದಿದ್ದಾಳೆ. ವೈದ್ಯರು ಅವಳ ಹೊಟ್ಟೆಗೆ ನಳಿಗೆ ಇಳಿಸಿ ಇದ್ದಿಲ ಪುಡಿ ಕಲಸಿದ ನೀರು ಹಾಕಿದರು. ಎದೆಗೆ ಕೊಳವೆ ಇಟ್ಟು ಕೇಳಿ ನನ್ನ ಕಿವಿಗೂ ಕೊಟ್ಟರು. ಬಡಿಯುತ್ತದೆ, ನಿಲ್ಲುತ್ತದೆ, ಮರೆತದ್ದು ನೆನಪಾದ ಹಾಗೆ ಒಟ್ಟೊಟ್ಟಿಗೆ ಬಡಿಯುತ್ತದೆ. "ನಿಂತಲ್ಲಿಂದ ಕದಲಿಸಬೇಡಿ," ಎಂದರು. "ನಡೆಸಿದ್ರೆ ಇದೂ ಹೋಗುತ್ತೆ."

ಈಗ ಮುಚ್ಚಿಟ್ಟು ಪ್ರಯೋಜನವಿಲ್ಲ. ನನಗೆ ಗಂಡ ಇದ್ದಾನೆ. ಅವನದು ದೊಡ್ಡ ಸವಾರಿ ಶಾಲೆ. ಅಲ್ಲಿ ಹಗ್ಗಗಳು ಸುರುಳಿ ಸುತ್ತಿಕೊಂಡೇ ಇರಬೇಕು, ಬಕೆಟ್ಟುಗಳು ಸಾಲಾಗಿಯೇ ಇರಬೇಕು. ನನ್ನ ಮೇಲೆ ಕೈ ಮಾಡಿದ್ದು ಕಡಿಮೆ. ನನಗೆ ಬುದ್ಧಿ ಕಲಿಸುತ್ತಿದ್ದದ್ದು ಕುದುರೆಗಳ ಮೂಲಕ. ನಾನು ಎದುರು ಮಾತಾಡಿದ ದಿನ ಯಾವುದೋ ಒಂದಕ್ಕೆ ನೀರು ಸಿಗುತ್ತಿರಲಿಲ್ಲ. ಯಾವುದಕ್ಕೆ ಎಂದು ನಾನೇ ಹುಡುಕಬೇಕಿತ್ತು. ಗೋಧಿ ನನ್ನ ಅಪ್ಪ ಕೊಟ್ಟ ಕುದುರೆ. ಬಿಟ್ಟು ಹೋಗುತ್ತೇನೆ ಎಂದ ದಿನ ಅವನು ಕೂಗಾಡಲಿಲ್ಲ. ತಟ್ಟೆಯಿಂದ ತಲೆ ಎತ್ತದೆ ಹೇಳಿದ, "ನೀನು ಎಲ್ಲಿಗಾದ್ರೂ ಹೋಗು. ಅದರ ಬಾಯಿಗೆ ಏನು ಹಾಕಬೇಕು ಅಂತ ನಂಗೆ ಗೊತ್ತು."

ಅವನು ನನ್ನನ್ನು ಹುಡುಕಿದ್ದಾನೆ. ನಿಮ್ಮನ್ನೂ ಮಾತಿನಲ್ಲಿ ಮರುಳು ಮಾಡಿದ್ದಾನೆ ಎಂದು ನನಗನ್ನಿಸುತ್ತದೆ, ಅವನಿಗೆ ಅದು ಸುಲಭ. ನಿಮ್ಮನ್ನು ದೂರುವುದಿಲ್ಲ.

ಬರುವ ಭಾನುವಾರ ಬೆಳಗ್ಗೆ ಗೋಧಿಯನ್ನು ಕರೆದುಕೊಂಡು ಹೋಗುತ್ತೇನೆ. ಹೆದ್ದಾರಿಯವರೆಗೆ ನಡೆಸಿದರೆ ಅಲ್ಲಿಂದ ಲಾರಿ ಸಿಗುತ್ತದೆ. ಅಷ್ಟು ದೂರ ಅವಳ ಹೃದಯ ತಡೆಯುವುದೋ ಇಲ್ಲವೋ ಗೊತ್ತಿಲ್ಲ. ಆದರೆ ಇಲ್ಲಿದ್ದರೆ ಅವನು ಮತ್ತೆ ಬರುತ್ತಾನೆ, ಅದು ಗೊತ್ತು. ಬೀಗದ ಕೈಯನ್ನು ಅಡುಗೆಮನೆಯ ಕಿಟಕಿಯಲ್ಲಿಟ್ಟು ಹೋಗುತ್ತೇನೆ. ಹೊಸ ವಿಳಾಸ ಯಾರಿಗೂ ಕೊಡುವುದಿಲ್ಲ, ನಿಮಗೂ.

ಮನೆ ಕೊಟ್ಟಿದ್ದಕ್ಕೆ ಋಣಿ.


ತಂತಿ
ಮಾರ್ಚ್ ೫

ಹೊರಡಬೇಡ. ಸೊಪ್ಪು ಹಾಕಿದವನು ನನ್ನ ಮೈದುನ. ತಿಳಿಯದೆ ಹಾಕಿದ. ನಿನ್ನ ಗಂಡ ಅಲ್ಲ. ಕುದುರೆ ನಡೆಸಬೇಡ. ಕಾಗದ ಬರುತ್ತಿದೆ.


ಮಾರ್ಚ್ ೫

ಮಗಳೇ,

ನಿನ್ನ ಕಾಗದ ಈಗಷ್ಟೇ ಬಂತು. ಓದಿದವಳೇ ಮಗುವನ್ನು ಮಗಳ ಮಡಿಲಿಗೆ ಹಾಕಿ, ತಂತಿ ಕಚೇರಿಗೆ ಓಡಿದೆ. ಈ ವಯಸ್ಸಿನಲ್ಲಿ ನಾನು ಬೀದಿಯಲ್ಲಿ ಓಡಿದ್ದನ್ನು ನೋಡಿ ಜನ ದಾರಿ ಬಿಟ್ಟರು. ನಿನಗೊಂದು ತಂತಿ, ಮೈದುನನಿಗೊಂದು ತಂತಿ. ನೀನು ಅದನ್ನು ನೋಡಿದೆಯೋ ಇಲ್ಲವೋ, ಗೋಧಿ ಈಗ ನಿಂತಿದ್ದಾಳೋ ದಾರಿಯಲ್ಲಿ ಬಿದ್ದಿದ್ದಾಳೋ, ಏನೂ ತಿಳಿಯದೆ ಬರೆಯುತ್ತಿದ್ದೇನೆ. ಈ ಕಾಗದ ಖಾಲಿ ಮನೆಗೆ ತಲುಪುವುದೇನೋ ಎಂಬ ಭಯ.

ನಾನು ಸುಳ್ಳು ಹೇಳಿದೆ. ಹಿತ್ತಿಲ ಗೇಟಿಗೆ ಮೂರನೆಯ ಬೀಗದ ಕೈ ಇದೆ, ಅದು ನನ್ನ ಮೈದುನನ ಹತ್ತಿರ. ಹಿಂದಿನ ಬೀದಿಯಲ್ಲೇ ಇದ್ದಾನೆ. ದರ್ಜಿಯಾಗಿದ್ದವನು, ಈಗ ಅಂಗಡಿ ಮುಚ್ಚಿದ್ದಾನೆ. ಬೇಲಿ ತೆಗೆಸುತ್ತೇನೆ ಎಂದು ನೀನು ಬರೆದಾಗ ನನಗೆ ಸಿಟ್ಟು ಬಂತು. ನಾನಿಲ್ಲದಾಗ ಕಡಿಸಿಬಿಡುತ್ತೀಯೇನೋ ಎಂಬ ಅನುಮಾನ. ಹೋಗಿ ಕಣ್ಣಿಡು, ಅಣ್ಣನ ಬೇಲಿಯನ್ನು ಎಂದಿನಂತೆ ಕತ್ತರಿಸುತ್ತಿರು, ಅವಳು ಇಲ್ಲದ ಹೊತ್ತು ನೋಡಿಕೊಂಡು ಹೋಗು, ಅವಳಿಗೆ ತಿಳಿಯುವುದು ಬೇಡ ಎಂದು ಅವನಿಗೆ ಬರೆದೆ. ನೀಲಿ ಹಗ್ಗದ ಸುದ್ದಿ ಅವನದು. ಗೇಟಿನ ತಂತಿಯನ್ನು ಸುರುಳಿ ಸುತ್ತಿದವನೂ ಅವನೇ ಇರಬೇಕು. ದಾರದ ಉಂಡೆ ಬಿಚ್ಚಿದ್ದರೂ ಅವನು ಸಹಿಸುವುದಿಲ್ಲ. ನೀನು ಕೂಗಿದರೂ ತಿರುಗದಿದ್ದದ್ದು ಸೊಕ್ಕಿನಿಂದಲ್ಲ, ಅವನಿಗೆ ಕಿವಿ ಕೇಳುವುದಿಲ್ಲ. ಇಡೀ ಆಯುಷ್ಯ ಹೊಲಿಗೆಯಂತ್ರದ ಮುಂದೆ ಕೂತವನು.

ಇನ್ನೊಂದನ್ನು ಹೇಗೆ ಬರೆಯಲಿ? ಕಳೆದ ತಿಂಗಳು ಅವನು ಬರೆದಿದ್ದ, ಅತ್ತಿಗೆ, ಪಾಪ ಕುದುರೆಗಳು ದಿನವೂ ಒಣಹುಲ್ಲೇ ತಿನ್ನುತ್ತವೆ, ಕತ್ತರಿಸಿ ತಂದ ಸೊಪ್ಪು ನನ್ನ ಮನೆಯ ಗೋಡೆಯ ಮೇಲೆ ಒಣಗಿ ದಂಡವಾಗುತ್ತಿದೆ, ಹಾಕಲೇ ಎಂದು. ಆ ಎಲೆ ವಿಷವೆಂದು, ಒಣಗಿದರೆ ಇನ್ನೂ ಅಪಾಯವೆಂದು ನೀನು ಬರೆದ ಕಾಗದ ನನ್ನ ಪೆಟ್ಟಿಗೆಯಲ್ಲೇ ಇತ್ತು. ಬೇಲಿ ಕಡಿಸಲು ನೀನು ಹೂಡಿದ ನೆಪ ಎಂದುಕೊಂಡಿದ್ದೆ. ಮಗಳ ಹೆರಿಗೆಯ ಗಡಿಬಿಡಿ ಬೇರೆ. ಅವನಿಗೆ ಹೂಂ ಎಂದೂ ಬರೆಯಲಿಲ್ಲ, ಬೇಡ ಎಂದೂ ಬರೆಯಲಿಲ್ಲ. ಅತ್ತಿಗೆ ಬೇಡ ಎನ್ನದಿದ್ದರೆ ಅದು ಒಪ್ಪಿಗೆ ಎಂದು ತಿಳಿಯುವವನು ಅವನು.

ತಾತನನ್ನು ನಡೆಸಿದ್ದಕ್ಕೆ ನಿನ್ನನ್ನು ನೀನು ಶಪಿಸಿಕೊಳ್ಳಬೇಡ. ಅವನನ್ನು ಕೊಂದದ್ದು ನಾನು ಬರೆಯದೆ ಬಿಟ್ಟ ಒಂದು ಸಾಲು.

ನಿನ್ನ ಗಂಡ ನನ್ನ ಹತ್ತಿರ ಬಂದಿಲ್ಲ. ಬಂದರೆ ಬಾಗಿಲಿನಲ್ಲೇ ನಿಲ್ಲಿಸಿ ಕಳಿಸುತ್ತೇನೆ. ಬೇಲಿಯನ್ನು ಕೀಳಿಸು, ಒಂದು ಕಡ್ಡಿಯೂ ಉಳಿಯುವುದು ಬೇಡ. ನೀನು ಅಲ್ಲೇ ಇದ್ದರೆ ಒಂದು ಸಾಲು ಬರೆ. ಇಲ್ಲದಿದ್ದರೆ ಈ ಮಾತೆಲ್ಲ ಗೋಡೆಗೆ ಹೇಳಿದ ಹಾಗೆ.

ನಿನ್ನ ಹಿರಿಯಳು


ಮಾರ್ಚ್ ೮

ಅಮ್ಮ,

ನಾನು ಇಲ್ಲೇ ಇದ್ದೇನೆ. ಗೋಧಿ ನಿಂತಿದ್ದಾಳೆ. ನಿಮ್ಮ ಕಾಗದವೂ ಇಂದು ಕೈಸೇರಿತು.

ತಂತಿ ಶನಿವಾರ ಸಂಜೆಯೇ ಬಂತು. ನಾನು ಅದನ್ನು ನಂಬಲಿಲ್ಲ. ನೀವು ಯಾವತ್ತೂ ನನ್ನನ್ನು ಏಕವಚನದಲ್ಲಿ ಕರೆದವರಲ್ಲ. ಅದರಲ್ಲಿ "ಹೊರಡಬೇಡ" ಎಂದಿತ್ತು. ನನಗೆ ಹಾಗೆ ಹೇಳುವವನು ಒಬ್ಬನೇ. ಅವನೇ ನಿಮ್ಮ ಹೆಸರಿನಲ್ಲಿ ಕಳಿಸಿದ್ದಾನೆ, ಇಲ್ಲವೇ ನಿಮ್ಮ ಪಕ್ಕದಲ್ಲಿ ಕೂತು ಬರೆಸಿದ್ದಾನೆ, ನಾನು ಇಲ್ಲೇ ಇರುವಂತೆ ಮಾಡಿ ಬರುತ್ತಿದ್ದಾನೆ ಎಂದುಕೊಂಡೆ. ತಂತಿಯನ್ನು ಓದಿದ ಮೇಲೆ ನನ್ನ ಅವಸರ ಇನ್ನೂ ಹೆಚ್ಚಾಯಿತು.

ಭಾನುವಾರ ಬೆಳಕು ಹರಿದ ಕೂಡಲೇ ಗೋಧಿಯನ್ನು ಹೊರಗೆ ತಂದೆ. ಲಾಯದಿಂದ ಮುಂದಿನ ಗೇಟಿನವರೆಗೆ ಬರುವುದರಲ್ಲೇ ಅವಳ ಕತ್ತಿನ ಮೇಲೆ ಬೆವರು ಒಡೆಯಿತು. ನಿಂತು ನಿಂತು ಬಂದಳು. ಗೇಟು ತೆಗೆದರೆ ಆಚೆ ಒಬ್ಬ ಮನುಷ್ಯ ನಿಂತಿದ್ದ.

ಕೈಯಲ್ಲಿ ಕೋಲಿತ್ತು, ಎತ್ತಲಾಗಲಿಲ್ಲ. ಅವರು ಕಿವಿ ಕೇಳದವರು ಮಾತಾಡುವ ಹಾಗೆ ಬೀದಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಹೇಳಿದರು, "ಅಮ್ಮಾ, ನಾನೇ ಹಾಕಿದ್ದು. ತಿನ್ನಲಿ ಅಂತ ಹಾಕ್ದೆ. ಹಸಿವು ಅಂದ್ಕೊಂಡೆ."

ನನ್ನ ಗಂಡ ಕಳಿಸಿದ ಆಳು ಎಂದೇ ನನ್ನ ತಲೆಗೆ ಹೋಯಿತು. ಹೀಗೆ ಮೆತ್ತಗೆ ಅಳುವವರನ್ನು ಕಳಿಸುವುದೂ ಅವನ ವಿದ್ಯೆಯೇ. ಗೋಧಿಯನ್ನು ಎಳೆದುಕೊಂಡು ಪಕ್ಕದಿಂದ ನುಗ್ಗಿ ಹೋಗಲು ನೋಡಿದೆ. ಅವಳು ಬರಲಿಲ್ಲ. ಕಿವಿ ಎರಡನ್ನೂ ಮುಂದಕ್ಕೆ ಮಾಡಿ, ನನ್ನನ್ನೇ ಎಳೆದುಕೊಂಡು, ನಡುಗುವ ಕಾಲಿನಲ್ಲೇ ಅವರ ಹತ್ತಿರ ಹೋದಳು. ಹೋಗಿ ಅವರ ಕೋಟಿನ ಜೇಬಿಗೆ ಮೂತಿ ಹಾಕಿದಳು. ದಿನವೂ ಅಲ್ಲಿ ಏನೋ ಸಿಗುತ್ತಿತ್ತು ಎನ್ನುವ ಹಾಗೆ ಹುಡುಕಿದಳು.

ಅಮ್ಮ, ನನ್ನ ಗಂಡನ ಹೆಜ್ಜೆಯ ಸದ್ದು ಕೇಳಿದರೆ ಗೋಧಿ ಕಿವಿ ಹಿಂದಕ್ಕೊತ್ತಿ ಗೋಡೆಗೆ ಅಂಟಿಕೊಳ್ಳುತ್ತಿದ್ದಳು. ಅವನ ಆಳುಗಳನ್ನು ಕಂಡರೂ ಅಷ್ಟೇ. ನಾನು ತಂತಿಯನ್ನು ನಂಬಲಿಲ್ಲ, ಅವರ ಮಾತನ್ನು ನಂಬಲಿಲ್ಲ, ಅವಳನ್ನು ನಂಬಿದೆ. ಜೇಬಿನಲ್ಲಿ ಕ್ಯಾರೆಟ್ ಚೂರಿತ್ತು. ಕೊಡಲು ಅವರಿಗೇ ಹೆದರಿಕೆ. ಕೈ ಚಾಚಿ, ಇದನ್ನು ಕೊಡಬಹುದಾ ಎಂದು ನನ್ನ ಮುಖ ನೋಡುತ್ತ ನಿಂತರು.

ಗೋಧಿಯನ್ನು ಅಲ್ಲೇ ಗೇಟಿನ ಬಳಿ ನಿಲ್ಲಿಸಿದೆವು. ನಿಮ್ಮ ಮೈದುನರು ಮನೆಗೆ ಹೋಗಿ ಹಳೆಯ ಪರದೆಗಳನ್ನು ತಂದು ಸೇರಿಸಿ ಹೊಲಿದು ಅವಳ ತಲೆಯ ಮೇಲೆ ನೆರಳು ಕಟ್ಟಿದರು. ವೈದ್ಯರು ಬಂದು ನನ್ನನ್ನು ಚೆನ್ನಾಗಿ ಬೈದರು. ಬೈಸಿಕೊಂಡದ್ದು ಹಿತವಾಯಿತು.

ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ತಾತನ ತೊಟ್ಟಿಯನ್ನು ಇನ್ನೂ ತೊಳೆಯಲಾಗಿಲ್ಲ. ಸಿಟ್ಟು ಇಳಿದಾಗ ಬರೆಯುತ್ತೇನೆ. ನಾನೂ ಗಂಡನ ವಿಷಯ ಮೊದಲೇ ಹೇಳಿದ್ದರೆ ನೀವು ಹಗ್ಗದ ಮಾತನ್ನು ಹಾಗೆ ತೇಲಿಸಿಬಿಡುತ್ತಿರಲಿಲ್ಲ, ಅದೂ ನಿಜ.

ನಿಮ್ಮ ಮನೆಯವಳು


ಮಾರ್ಚ್ ೧೬

ಮಗಳೇ,

ಇದ್ದೀಯ ಎಂದು ಓದಿ ಬಾಗಿಲ ಮೆಟ್ಟಿಲ ಮೇಲೇ ಕೂತುಬಿಟ್ಟೆ. ಟಪಾಲಿನವನ ಸೈಕಲ್ ಗಂಟೆ ಕೇಳಿದರೆ ಈಗ ನನಗೂ ಎದೆ ಹಾರುತ್ತದೆ. ನೀನು ಇಷ್ಟು ದಿನ ಹೇಗಿದ್ದೆಯೋ, ಅದರ ರುಚಿ ಸ್ವಲ್ಪ ತಿಳಿಯಿತು.

ಸಿಟ್ಟು ಇರಲಿ. ಇಳಿಯಲೇಬೇಕು ಎಂದೇನಿಲ್ಲ. ಆದರೆ ಗೋಧಿ ಹೇಗಿದ್ದಾಳೆ ಎಂದು ಮಾತ್ರ ಬರೆಯುತ್ತಿರು. ಮಗಳ ಜ್ವರ ಬಿಟ್ಟಿದೆ. ರೈಲಿನಲ್ಲಿ ಜಾಗ ಸಿಕ್ಕರೆ ಮುಂದಿನ ತಿಂಗಳ ಕೊನೆಗೆ ಬರುತ್ತೇನೆ. ಮುಂಭಾಗದ ಕೋಣೆ ನನಗೆ ಸಾಕು, ಉಳಿದದ್ದೆಲ್ಲ ನಿನ್ನದೇ. ಹೊಸ ಬೀಗ ಹಾಕಿಸು. ಅದರ ಒಂದು ಕೈ ಯಾರಿಗೆ ಕೊಡಬೇಕು, ಯಾರಿಗೆ ಬೇಡ ಎನ್ನುವುದನ್ನು ಈ ಸಲ ನೀನೇ ನಿರ್ಧರಿಸು.

ನಿನ್ನ ಹಿರಿಯಳು


ಏಪ್ರಿಲ್ ೧೪

ಅಮ್ಮ,

ಇಂದು ಬೆಳಗ್ಗೆ ಗೋಧಿ ಮರಿ ಹಾಕಿದಳು. ಹೆಣ್ಣು. ಅಮ್ಮನದೇ ಬಣ್ಣ, ಕಾಲು ಮಾತ್ರ ಯಾರದೋ ಸಾಲ ತಂದ ಹಾಗೆ ಉದ್ದ.

ವಾರದಿಂದ ನನಗೆ ಅನ್ನ ಇಳಿದಿರಲಿಲ್ಲ. ಗೋಧಿಯ ಹೃದಯ ಸರಿಯಾಗಿದೆ ಎಂದು ವೈದ್ಯರು ಹೇಳಿದ್ದರು, ಹೊಟ್ಟೆಯೊಳಗಿನದಕ್ಕೆ ಏನಾಗಿದೆ ಎಂದು ಹೇಳಲು ಅವರಿಗೂ ಆಗಿರಲಿಲ್ಲ. ಮರಿ ಹೊರಬಿದ್ದಾಗ ಅಲುಗಲಿಲ್ಲ. ಗೋಧಿ ನೆಕ್ಕಿದಳು, ಅಲುಗಲಿಲ್ಲ. ನಾನು ಒಣಬಟ್ಟೆಯಿಂದ ಉಜ್ಜಿದೆ, ಮೂಗು ಒರೆಸಿದೆ, ಮತ್ತೆ ಉಜ್ಜಿದೆ. ಆ ಹೊತ್ತಿನ ಭಯವನ್ನು ಬರೆಯಲು ನನಗೆ ಬರುವುದಿಲ್ಲ. ಆಮೇಲೆ ಒಂದು ಸೀನು. ತಲೆ ಎತ್ತಿತು.

ವೈದ್ಯರು ಎದೆ ಕೇಳಿ "ಸರಿಯಾಗಿದೆ" ಎಂದರು. ನಿಮ್ಮ ಮೈದುನರು ಅಲ್ಲೇ ನಿಂತಿದ್ದರು. ಕೊಳವೆ ಕಿವಿಗಿಟ್ಟರೂ ಅವರಿಗೆ ಕೇಳುವುದಿಲ್ಲವಲ್ಲ, ಮೊಣಕಾಲೂರಿ ಮರಿಯ ಪಕ್ಕೆಯ ಮೇಲೆ ಅಂಗೈ ಇಟ್ಟರು. ಬಡಿತ ಸಿಕ್ಕಿದ ಮೇಲೂ ಕೈ ತೆಗೆಯಲಿಲ್ಲ. ಬೇಲಿಯನ್ನು ಅಗೆದು ತೆಗೆದದ್ದೂ ಅವರೇ, ಯಾರಿಗೂ ಸಲಿಕೆ ಕೊಡಲಿಲ್ಲ. ಊರಾಚೆ ಆಳವಾಗಿ ಗುಂಡಿ ತೋಡಿ ಹೂತು ಬಂದರು. ನಿಮ್ಮ ಯಜಮಾನರು ನೆಟ್ಟ ಬೇಲಿ, ಕೀಳುವಾಗ ಒಂದೊಂದು ಗಿಡಕ್ಕೂ ಸ್ವಲ್ಪ ಹೊತ್ತು ನಿಲ್ಲುತ್ತಿದ್ದರು. ಆ ಹೊತ್ತಿನಲ್ಲಿ ನಾನು ಒಳಗೆ ಹೋಗಿಬಿಡುತ್ತಿದ್ದೆ. ತಾತನ ತೊಟ್ಟಿಯನ್ನು ಮೊನ್ನೆ ತೊಳೆದಿದ್ದೇನೆ.

ಬೇಲಿ ಹೋದ ಮೇಲೆ ಲಾಯ ಓಣಿಗೆ ಬಟಾಬಯಲು. ಮೊದಲ ದಿನಗಳಲ್ಲಿ ಅದೇ ನನ್ನ ಹೊಸ ಭಯವಾಗಿತ್ತು, ಯಾರು ಬೇಕಾದರೂ ನೋಡಬಹುದಲ್ಲ ಎಂದು. ಆಮೇಲೆ ಓಣಿಯ ಹೆಂಗಸರು ಬುಟ್ಟಿ ಇಳಿಸಿ, ನಿಂತು ಮರಿ ಯಾವಾಗ ಎಂದು ಕೇಳಿಕೊಂಡು ಹೋಗತೊಡಗಿದರು. ಅವರಿಗೆಲ್ಲ ನನ್ನ ಗಂಡನ ವಿಷಯ ಹೇಳಿದ್ದೇನೆ. ಎತ್ತರದವನು, ಮರ್ಯಾದೆಯಿಂದ ಮಾತಾಡುವವನು ಎಂದು ಗುರುತೂ ಹೇಳಿದ್ದೇನೆ. ಹೇಳುವಾಗ ನಾಚಿಕೆಯಾಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ.

ಅವನು ಇನ್ನೂ ಬಂದಿಲ್ಲ. ಒಂದು ದಿನ ಬರಬಹುದು. ಬೀದಿಯಲ್ಲಿ ಗಾಡಿ ನಿಂತರೆ ಈಗಲೂ ಕೈಯಲ್ಲಿದ್ದದ್ದು ಜಾರುತ್ತದೆ. ಬಂದರೆ ಬರಲಿ ಎನ್ನುವಷ್ಟು ಧೈರ್ಯ ನನಗಿನ್ನೂ ಇಲ್ಲ ಅಮ್ಮ. ಬಂದರೆ ಯಾರನ್ನು ಕೂಗಬೇಕು ಎನ್ನುವುದು ಗೊತ್ತಿದೆ. ಸ್ವಲ್ಪ ಗಟ್ಟಿಯಾಗಿ ಕೂಗಬೇಕು, ಅಷ್ಟೆ.

ನಿಮ್ಮ ಮನೆಯವಳು